ತಲೆಗೆ ಹಚ್ಚುವ ಮದ್ದು ಮತ್ತು ಕಣ್ಣಿನ ಕ್ಷೇಮ

ಕೂದಲು ಉದುರುವುದನ್ನು ತಡೆಯಲೆಂದು ನೆತ್ತಿಗೆ ಹಚ್ಚುವ ದ್ರಾವಣಗಳ ಸೀಸೆಯ ಮೇಲೆ, ಕನ್ನಡಕ ಹಾಕಿಕೊಂಡರೂ ಪ್ರಯಾಸದಿಂದ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ಇದು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿರೆಂಬ ವಾಕ್ಯವೊಂದು ಅಚ್ಚಾಗಿರುತ್ತದೆ. ಅದನ್ನು ಓದುವವರು ವಿರಳ. ಓದಿದವರಲ್ಲಿಯೂ, ತಲೆಯ ಮದ್ದು ಕಣ್ಣಿನ ತನಕ ಏಕೆ ಬಂದೀತೆಂದು ಉಪೇಕ್ಷಿಸುವವರೇ ಹೆಚ್ಚು. ಆದರೆ ಹಣೆಯ ಮೇಲಣ ಕೂದಲಿನ ಅಂಚಿಗೂ ಕಣ್ಣಿನ ರೆಪ್ಪೆಗೂ ನಡುವಣ ಅಂತರ ಒಂದು ಗೇಣಿಗಿಂತ ಕಡಿಮೆ; ಚರ್ಮದ ಮೂಲಕ ರಕ್ತವನ್ನು ಸೇರಿದ ಅಂಶಕ್ಕಂತೂ ಆ ಅಂತರವೂ ಅಡ್ಡಿಯಾಗದು. ಇಂಥ ಲೇಪನೌಷಧಗಳು ಕಣ್ಣಿಗೆ ಯಾವ ಯಾವ ಮಾರ್ಗದಿಂದ ತೊಂದರೆ ಕೊಡಬಲ್ಲವು, ಅವುಗಳಲ್ಲಿ ಯಾವುದು ಅಲ್ಪ, ಯಾವುದು ಗಂಭೀರ, ಯಾವ ಲಕ್ಷಣ ಕಂಡಾಗ ಕಾಯಬಹುದು, ಯಾವುದನ್ನು ಕಂಡೊಡನೆ ವೈದ್ಯರ ಬಳಿಗೆ ಧಾವಿಸಬೇಕು ಎಂಬುದನ್ನು ಸಾಮಾನ್ಯ ವಾಚಕರಿಗೆ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಯುಕ್ತ. ಈ ಔಷಧಗಳನ್ನು ಬಳಸುವ ಬಹುಪಾಲು ಜನರಿಗೆ ಕಣ್ಣಿನ ಯಾವ ಬಾಧೆಯೂ ಉಂಟಾಗುವುದಿಲ್ಲ. ಆದುದರಿಂದ ಇದನ್ನು ಓದಿ ಭೀತರಾಗಿ, ವೈದ್ಯರು ಕೊಟ್ಟ ಮದ್ದನ್ನು ಎಸೆದುಬಿಡುವ ಅಗತ್ಯವಿಲ್ಲ. ಆದರೆ ಕೂದಲಿನ ಚಿಕಿತ್ಸೆಯು ಒಂದು ವಾರದ್ದಾಗಲಿ ಒಂದು ತಿಂಗಳಿನದಾಗಲಿ ಅಲ್ಲ, ವರ್ಷಾನುಗಟ್ಟಲೆ ದಿನಕ್ಕೊಮ್ಮೆ ಅಥವಾ ಎರಡು ಸಲ ನಡೆಯತಕ್ಕದ್ದು. ಪ್ರಾಣಕ್ಕೆ ಸಂಬಂಧಿಸದ, ರೂಪಕ್ಕೆ ಸಂಬಂಧಿಸಿದ ತೊಂದರೆಯೊಂದಕ್ಕೆ ಅಷ್ಟು ದೀರ್ಘಕಾಲ ಔಷಧ ಬಳಸುವವನು, ದೃಷ್ಟಿಯಂಥ ಅಮೂಲ್ಯ ಇಂದ್ರಿಯವನ್ನು ಕುರಿತು ಅಜ್ಞಾನದಲ್ಲಿರುವುದು ಸರಿಯಲ್ಲವೆಂಬುದೇ ನನ್ನ ಅಭಿಪ್ರಾಯ.

ಈ ವರ್ಗದ ಮದ್ದುಗಳಲ್ಲಿ ಅಗ್ರಗಣ್ಯವಾದುದು ಮಿನಾಕ್ಸಿಡಿಲ್. ಅದರ ಪೂರ್ವವೃತ್ತಾಂತವನ್ನು ಅರಿತರೆ ಅದರ ಗುಣದೋಷಗಳೆರಡೂ ಅರ್ಥವಾಗುತ್ತವೆ. ಅಮೆರಿಕದ ಅಪ್‌ಜಾನ್ ಕಂಪನಿಯು ಸಿದ್ಧಪಡಿಸಿದ ಈ ವಸ್ತುವು ಮೂಲತಃ ರಕ್ತದೊತ್ತಡವನ್ನು ಇಳಿಸುವ ಗುಳಿಗೆ. ಬೇರೆ ಔಷಧಗಳಿಗೆ ಬಗ್ಗದ ತೀವ್ರ ರಕ್ತದೊತ್ತಡಕ್ಕೆಂದು 1979ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದಕ್ಕೆ ಅನುಮತಿಯಿತ್ತಿತು. ಅದನ್ನು ಸೇವಿಸಿದ ರೋಗಿಗಳ ಮುಖದ ಮೇಲೂ ತೋಳುಗಳ ಮೇಲೂ ರೋಮ ಬೆಳೆಯತೊಡಗಿದುದನ್ನು ವೈದ್ಯರು ಕಂಡರು. ಬೇಡದ ಈ ಅಡ್ಡಪರಿಣಾಮವನ್ನೇ ಬೇಕಾದ ಪರಿಣಾಮವನ್ನಾಗಿ ಮಾಡಿಕೊಳ್ಳುವ ಯತ್ನದ ಫಲವಾಗಿ, ಶೇಕಡಾ 2ರ ದ್ರಾವಣವು 1988ರಲ್ಲಿ ಪುರುಷರ ಬಕ್ಕತಲೆಯ ಚಿಕಿತ್ಸೆಗೆ ಅನುಮೋದನೆ ಪಡೆಯಿತು. 1996ರಿಂದ ಅಲ್ಲಿ ಅದು ವೈದ್ಯರ ಚೀಟಿಯಿಲ್ಲದೆಯೇ ದೊರೆಯುವಂತಾಯಿತು. ಶೇಕಡಾ 5ರ ದ್ರಾವಣವೂ ಅನಂತರ ನೊರೆಯ ರೂಪವೂ ಕ್ರಮವಾಗಿ ಬಂದುವು. ಮದ್ದಿನ ಹೆಸರೂ ರೂಪವೂ ಬದಲಾದರೂ ಅದರ ಸ್ವಭಾವ ಬದಲಾಗಲಿಲ್ಲ. ರಕ್ತನಾಳಗಳ ಗೋಡೆಯ ಸ್ನಾಯುವನ್ನು ಸಡಿಲಿಸಿ ಅವನ್ನು ಹಿಗ್ಗಿಸುವುದು, ದೇಹದಲ್ಲಿ ಉಪ್ಪು ಮತ್ತು ನೀರು ಉಳಿಯುವಂತೆ ಮಾಡುವುದು ಅದರ ಹುಟ್ಟುಗುಣ. ಕಣ್ಣಿನ ಸುತ್ತಲಿನ ಕೆಲವು ತೊಂದರೆಗಳ ಮೂಲ ಇಲ್ಲಿದೆ.

ನೆತ್ತಿಗೆ ಹಚ್ಚಿದ ಮಿನಾಕ್ಸಿಡಿಲ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ: ಚರ್ಮವು ಗಾಯವಿಲ್ಲದೆ ಸುಸ್ಥಿತಿಯಲ್ಲಿದ್ದರೆ ಸರಾಸರಿ ಶೇಕಡಾ 1.4ರಷ್ಟು ಮಾತ್ರ. ಹಾಗೆ ಸೇರಿದ ಅಂಶವೂ ಮದ್ದನ್ನು ನಿಲ್ಲಿಸಿದ ನಾಲ್ಕು ದಿನಗಳಲ್ಲಿ ಬಹುತೇಕ ಹೊರಟುಹೋಗುತ್ತದೆ. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಬಾಧೆಗಳು ಏಕೆ ವಿರಳವೆಂಬುದಕ್ಕೂ, ಮದ್ದು ಬಿಟ್ಟಮೇಲೆ ಅವುಗಳಲ್ಲಿ ಹಲವು ಏಕೆ ತಾವಾಗಿಯೇ ಇಳಿಯುತ್ತವೆಂಬುದಕ್ಕೂ ಅವೇ ಕಾರಣ.

ಅತ್ಯಂತ ಸಾಮಾನ್ಯವಾದ ತೊಂದರೆ ಅತ್ಯಂತ ಸರಳವಾದುದೂ ಹೌದು: ಮದ್ದು ನೇರವಾಗಿ ಕಣ್ಣಿಗೆ ಇಳಿಯುವುದು. ದ್ರಾವಣದಲ್ಲಿ ಮಿನಾಕ್ಸಿಡಿಲ್ ಅಲ್ಪವಾಗಿದ್ದು, ಉಳಿದುದೆಲ್ಲ ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್ ಎಂಬ ಜಿಗುಟು ದ್ರವ ಮತ್ತು ನೀರು. ಕಣ್ಣಿನ ಮುಂಭಾಗದ ಪಾರದರ್ಶಕವಾದ ಕಾರ್ನಿಯಾ ಪದರವು ಆಲ್ಕೋಹಾಲನ್ನು ಸಹಿಸದು. ಒಂದು ಹನಿ ತಾಗಿದರೂ ಉರಿ, ನೀರು ಸುರಿಯುವುದು, ಕೆಂಪಾಗುವುದು, ಬೆಳಕನ್ನು ನೋಡಲಾಗದಿರುವುದು ಒಡನೆಯೇ ತೋರುತ್ತವೆ. ಹಚ್ಚುವ ಕ್ಷಣದಲ್ಲಿ ಎಚ್ಚರವಾಗಿದ್ದವನೂ ಅನಂತರದ ಗಂಟೆಗಳಲ್ಲಿ ಮೈಮರೆಯುತ್ತಾನೆ. ಬೆಳಗ್ಗೆ ಮದ್ದು ಹಚ್ಚಿ, ಅದು ಆರುವ ಮೊದಲೇ ಹೆಲ್ಮೆಟ್ ಧರಿಸಿ ಬೆಂಗಳೂರಿನ ವಾಹನಸಂದಣಿಯಲ್ಲಿ ನಿಂತವನ ಹಣೆಯಿಂದ ಇಳಿಯುವ ಬೆವರಿನಲ್ಲಿ ಆ ದ್ರಾವಣವೂ ಬೆರೆತಿರುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಹೆಲ್ಮೆಟ್ಟೂ ಬೇಕಾಗದು, ಬಿಸಿಲೊಂದೇ ಸಾಕು. ರಾತ್ರಿ ಹಚ್ಚಿಕೊಂಡು ಹಾಗೆಯೇ ಮಲಗಿದವನ ದಿಂಬಿನ ಬಟ್ಟೆ ಆ ಮದ್ದನ್ನು ಹೀರಿಕೊಂಡು, ಮಗ್ಗುಲು ಬದಲಿಸಿದಾಗ ಕೆನ್ನೆಗೂ ರೆಪ್ಪೆಗೂ ಒರೆಸುತ್ತದೆ. ಮದ್ದು ಹಚ್ಚಿದ ಬೆರಳನ್ನು ತೊಳೆಯದೆ ಕಣ್ಣುಜ್ಜುವುದಾಗಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವುದಾಗಲಿ ಇವೆಲ್ಲಕ್ಕಿಂತ ನೇರವಾದ ಅಪಾಯ.

ಪರಿಹಾರವೂ ಸರಳವೇ. ತಲೆ ಒಣಗಿರುವಾಗ, ಬೈತಲೆ ತೆಗೆದು, ಚರ್ಮ ಕಾಣುವೆಡೆಯಲ್ಲಿ ಡ್ರಾಪರಿನಿಂದ ಹನಿಹನಿಯಾಗಿ, ಒಟ್ಟು 1 ಮಿಲಿಲೀಟರನ್ನು ಮೀರದಂತೆ ಹಾಕಿ ಬೆರಳತುದಿಯಿಂದ ಹರಡಬೇಕು. ಕೂದಲು ಬೇಗ ಬಂದೀತೆಂಬ ಆಸೆಯಿಂದ ಪ್ರಮಾಣವನ್ನು ಹೆಚ್ಚಿಸಿದರೆ ಕೂದಲು ಹೆಚ್ಚುವುದಿಲ್ಲ, ಹಣೆಗೆ ಇಳಿಯುವ ದ್ರವ ಹೆಚ್ಚುತ್ತದೆ. ಹಚ್ಚುವಾಗ ತಲೆಯನ್ನು ಮುಂದಕ್ಕೆ ಬಾಗಿಸದೆ ತುಸು ಹಿಂದಕ್ಕೆ ಒರಗಿಸಿಕೊಳ್ಳುವುದು ಲೇಸು. ಸಿಂಪಡಿಸುವ ಸೀಸೆಯಾಗಿದ್ದರೆ, ಹಣೆಯ ಅಂಚಿಗೆ ನೇರವಾಗಿ ಸಿಂಪಡಿಸದೆ, ಬೆರಳಿಗೆ ತೆಗೆದುಕೊಂಡು ಹಚ್ಚತಕ್ಕದ್ದು. ಹಣೆಗೆ ಇಳಿದುದನ್ನು ಆಗಲೇ ಒದ್ದೆಬಟ್ಟೆಯಿಂದ ಒರೆಸಿ, ಕೈಯನ್ನು ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು. ಮಲಗುವುದಕ್ಕೆ ಎರಡರಿಂದ ನಾಲ್ಕು ಗಂಟೆ ಮುಂಚೆಯೇ ಹಚ್ಚಿಕೊಂಡರೆ ದಿಂಬಿನ ಚಿಂತೆ ತಪ್ಪುತ್ತದೆ. ದಿಂಬಿನ ಬಟ್ಟೆಯನ್ನು ಮೇಲಿಂದಮೇಲೆ ಬದಲಿಸುವುದಂತೂ ಯಾವ ಕಾಲಕ್ಕೂ ಹಿತವೇ. ಲೆನ್ಸ್ ಧರಿಸುವವರು ಮೊದಲು ಅದನ್ನು ಹಾಕಿಕೊಂಡು ಅನಂತರ ತಲೆಗೆ ಹಚ್ಚುವುದು, ತೆಗೆಯುವಾಗ ಕೈಯನ್ನು ಚೆನ್ನಾಗಿ ತೊಳೆದ ಮೇಲೆಯೇ ತೆಗೆಯುವುದು ಕ್ರಮ.

ಇಷ್ಟಾದರೂ ಮದ್ದು ಕಣ್ಣಿಗೆ ಬಿತ್ತೆಂದರೆ, ಲೆನ್ಸ್ ಇದ್ದಲ್ಲಿ ಅದನ್ನು ತೆಗೆದು, ನಲ್ಲಿಯ ತಣ್ಣೀರು ಧಾರೆಯಾಗಿ ಹರಿಯುವಂತೆ ರೆಪ್ಪೆಗಳನ್ನು ಅಗಲಿಸಿ ಹಿಡಿದು, ಹದಿನೈದು ನಿಮಿಷದಷ್ಟು ಕಾಲ ತೊಳೆಯಬೇಕು. ಎರಡು ಬೊಗಸೆ ನೀರನ್ನು ಎರಚಿಕೊಂಡು ಸುಮ್ಮನಾಗುವುದು ಸಾಲದು. ಇಲ್ಲಿ ನಮ್ಮ ನಾಡಿನ ಮನೆಗಳಲ್ಲಿ ಇಂದಿಗೂ ಉಳಿದುಬಂದಿರುವ ಒಂದು ರೂಢಿಯನ್ನು ಕುರಿತು ಕಳವಳದಿಂದಲೇ ಹೇಳಬೇಕಾಗಿದೆ: ಕಣ್ಣು ಉರಿದರೆ ಹರಳೆಣ್ಣೆಯ ತೊಟ್ಟು, ಜೇನು, ಎದೆಹಾಲು, ಯಾವುದೋ ಸೊಪ್ಪಿನ ರಸ ಇವುಗಳನ್ನು ಹಿಂಡುವುದು ಹಿರಿಯರ ಪ್ರೀತಿಯ ಉಪಚಾರವಾಗಿರಬಹುದು, ಆದರೆ ಆಲ್ಕೋಹಾಲಿನಿಂದ ಮೇಲ್ಪದರ ಸುಲಿದುಹೋದ ಕಾರ್ನಿಯಾಕ್ಕೆ ಅವುಗಳ ಮೂಲಕ ಸೋಂಕು ತಗಲಿದರೆ ಹುಣ್ಣಾಗಿ, ಅದು ಮಾಗಿದ ಮೇಲೂ ಬಿಳಿಯ ಕಲೆಯೊಂದು ದೃಷ್ಟಿಗೆ ಅಡ್ಡವಾಗಿ ಶಾಶ್ವತವಾಗಿ ನಿಲ್ಲಬಲ್ಲುದು. ಮನೆಯಲ್ಲಿ ಹಿಂದೆಂದೋ ಉಳಿದ ಕಣ್ಣಿನ ಹನಿಗಳನ್ನು ಹಾಕುವುದೂ ಅಷ್ಟೇ ಅನುಚಿತ, ಅವುಗಳಲ್ಲಿ ಸ್ಟೀರಾಯ್ಡ್ ಇರಬಹುದು. ಶುದ್ಧವಾದ ನೀರೊಂದೇ ಸಾಕು. ತೊಳೆದ ಮೇಲೂ ನೋವು, ಮಂಜು, ಬೆಳಕಿನ ಅಸಹನೆ ಉಳಿದರೆ ಅಂದೇ ನೇತ್ರವೈದ್ಯರಿಗೆ ತೋರಿಸಬೇಕು.

ಎರಡನೆಯ ಮಾರ್ಗ ಅಲರ್ಜಿಯದು. ಇದು ತಲೆಯಲ್ಲಿ ಹುಟ್ಟಿ ರೆಪ್ಪೆಯಲ್ಲಿ ಪ್ರಕಟವಾಗುವುದರಿಂದ ಅನೇಕ ಬಾರಿ ತಪ್ಪಾಗಿ ಗ್ರಹಿಸಲ್ಪಡುತ್ತದೆ. ನೆತ್ತಿಯ ಚರ್ಮ ದಪ್ಪವಾದುದು, ರೆಪ್ಪೆಯ ಚರ್ಮವಾದರೋ ಇಡೀ ದೇಹದಲ್ಲಿಯೇ ಅತ್ಯಂತ ತೆಳುವಾದುದು. ಆದುದರಿಂದ ನೆತ್ತಿಗೆ ಹಚ್ಚಿದ ಪದಾರ್ಥವೊಂದು ಹಚ್ಚಿದಲ್ಲಿ ಅಷ್ಟೇನೂ ಕೆರಳಿಸದೆ, ತೊಳೆಯುವಾಗ ಮುಖದ ಮೇಲೆ ಹರಿದು ಬಂದ ಲೇಶಮಾತ್ರದಿಂದಲೇ ರೆಪ್ಪೆಯನ್ನು ಊದಿಸಿ, ಕೆಂಪಾಗಿಸಿ, ತುರಿಕೆಯೆಬ್ಬಿಸಿ, ಹೊಟ್ಟು ಏಳುವಂತೆ ಮಾಡಬಹುದು. ಹಚ್ಚಿದ ಗಳಿಗೆಯಲ್ಲಿಯೇ ಕಾಣದೆ ಒಂದೆರಡು ದಿನಗಳ ಮೇಲೆ ಕಾಣುವುದು ಈ ಬಗೆಯ ಅಲರ್ಜಿಯ ಲಕ್ಷಣ. ತಿಂಗಳುಗಟ್ಟಲೆ ಯಾವ ತೊಂದರೆಯೂ ಇಲ್ಲದೆ ಬಳಸಿದ ಮದ್ದಿಗೇ ಒಂದು ದಿನ ದೇಹ ಸಿಡಿದೇಳುವುದೂ ಉಂಟು. ಆಗ ರೋಗಿಯು ಹೊಸ ಸಾಬೂನನ್ನೋ ಧೂಳನ್ನೋ ದೂಷಿಸುತ್ತಾನೆಯೇ ಹೊರತು ಹಳೆಯ ಸೀಸೆಯತ್ತ ಅವನ ಗಮನ ಹರಿಯುವುದಿಲ್ಲ.

ಮಿನಾಕ್ಸಿಡಿಲ್ ದ್ರಾವಣದಿಂದ ಹೀಗಾದವರಲ್ಲಿ ಅಪರಾಧಿಯು ಬಹಳ ಸಲ ಮಿನಾಕ್ಸಿಡಿಲ್ ಆಗಿರದೆ, ಅದನ್ನು ಕರಗಿಸಿರುವ ಪ್ರೊಪಿಲೀನ್ ಗ್ಲೈಕಾಲ್ ಆಗಿರುತ್ತದೆ. ಶೇಕಡಾ 2ರ ದ್ರಾವಣಕ್ಕಿಂತ ಶೇಕಡಾ 5ರದರಲ್ಲಿ ಅದರ ಪ್ರಮಾಣ ಅಧಿಕ. ನೊರೆಯ ರೂಪದ ಮದ್ದಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲವಾದ ಕಾರಣ, ದ್ರಾವಣದಿಂದ ನೊರೆಗೆ ಬದಲಾಯಿಸಿದ ಮಾತ್ರಕ್ಕೆ ಎಷ್ಟೋ ಜನರ ರೆಪ್ಪೆಯ ಬಾಧೆ ಶಮನವಾಗುತ್ತದೆ. ಆದರೆ ಮಿನಾಕ್ಸಿಡಿಲ್‌ಗೇ ಅಲರ್ಜಿಯಿರುವವರೂ ಇರುವುದರಿಂದ, ಸಂಶಯವಿದ್ದಲ್ಲಿ ಚರ್ಮವೈದ್ಯರು ಬೆನ್ನಿನ ಮೇಲೆ ಬೇರೆ ಬೇರೆ ಪದಾರ್ಥಗಳ ಪಟ್ಟಿಗಳನ್ನು ಅಂಟಿಸಿ, ಎರಡು ದಿನಗಳ ಮೇಲೊಮ್ಮೆ, ನಾಲ್ಕು ದಿನಗಳ ಮೇಲೊಮ್ಮೆ ನೋಡುವ ಪ್ಯಾಚ್ ಪರೀಕ್ಷೆಯನ್ನು ಮಾಡಿಸುವುದು ಲೇಸು. ಇದೇ ಸಂದರ್ಭದಲ್ಲಿ ತಲೆಗೆ ಹಚ್ಚುವ ಬಣ್ಣವನ್ನೂ ವಿಚಾರಿಸಬೇಕು. ನರೆಗೂದಲನ್ನು ಕಪ್ಪಾಗಿಸುವ ಬಣ್ಣಗಳಲ್ಲಿ, ಕರಿಯ ಮೆಹಂದಿಯೆಂದು ಮಾರುವ ಪುಡಿಗಳಲ್ಲಿಯೂ ಸಹ, ಇರುವ ಪಿಪಿಡಿ ಎಂಬ ರಾಸಾಯನಿಕವು ರೆಪ್ಪೆಗಳು ತೆರೆಯಲಾಗದಷ್ಟು ಊದುವಂತೆ ಮಾಡಬಲ್ಲುದು. ಬಣ್ಣ ಹಚ್ಚಿದ ಮರುದಿನ ಕಣ್ಣು ಊದಿಕೊಂಡವನು ಕೂದಲಿನ ಮದ್ದನ್ನು ಬಿಟ್ಟು ಬಣ್ಣವನ್ನು ಉಳಿಸಿಕೊಂಡರೆ ಪ್ರಯೋಜನವೇನು? ಇಂದ್ರಲುಪ್ತವೆಂಬ, ನಾಣ್ಯದಗಲ ಕೂದಲು ಉದುರುವ ರೋಗಕ್ಕೆ ಬಳಸುವ ಆಂತ್ರಲಿನ್, ಡಿಪಿಸಿಪಿ ಮುಂತಾದುವಂತೂ ಬೇಕೆಂದೇ ಚರ್ಮವನ್ನು ಕೆರಳಿಸುವ ಔಷಧಗಳು. ಅವನ್ನು ಕಣ್ಣಿನ ಸಮೀಪಕ್ಕೆ ತರುವುದೇ ಕೂಡದು.

ಅಲರ್ಜಿಯ ಊತಕ್ಕೂ ನೀರು ತುಂಬಿದ ಊತಕ್ಕೂ ವ್ಯತ್ಯಾಸವುಂಟು. ಮಿನಾಕ್ಸಿಡಿಲ್ ಸ್ವಭಾವತಃ ನೀರನ್ನು ದೇಹದಲ್ಲಿ ಉಳಿಸುವುದೆಂದು ಮೇಲೆ ಹೇಳಿದೆಯಷ್ಟೆ. ಅಪರೂಪವಾಗಿ ಕೆಲವರಲ್ಲಿ, ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ತುರಿಕೆಯಾಗಲಿ ಕೆಂಪಾಗಲಿ ಇಲ್ಲದ ಮೆತ್ತನೆಯ ಊತ ಕಂಡು, ಹೊತ್ತೇರಿದಂತೆ ಇಳಿಯುತ್ತದೆ. ಇದರೊಡನೆ ಪಾದಗಳೂ ಊದಿದರೆ, ಕಾರಣವಿಲ್ಲದೆ ದೇಹದ ತೂಕ ಏರಿದರೆ, ಎದೆ ಡವಗುಟ್ಟಿದರೆ, ತಲೆ ತಿರುಗಿದರೆ ಮದ್ದು ರಕ್ತಕ್ಕೆ ಹೆಚ್ಚಾಗಿ ಸೇರುತ್ತಿದೆಯೆಂದು ತಿಳಿದು ಅದನ್ನು ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಎದೆನೋವು ಬಂದರಂತೂ ತಡಮಾಡಲಾಗದು. ಮೂತ್ರಪಿಂಡದ ರೋಗ, ಥೈರಾಯ್ಡ್ ಮೊದಲಾದ ಬೇರೆ ಕಾರಣಗಳಿಂದಲೂ ಕಣ್ಣಿನ ಸುತ್ತ ಊತ ಬರಬಹುದಾದುದರಿಂದ, ಎಲ್ಲವನ್ನೂ ತಲೆಯ ಮದ್ದಿನ ತಲೆಗೇ ಕಟ್ಟದೆ ರಕ್ತ, ಮೂತ್ರಗಳ ಪರೀಕ್ಷೆಯನ್ನು ಮಾಡಿಸುವುದು ವಿವೇಕ.

ಚರ್ಮದ ತಡೆಗೋಡೆಯನ್ನು ನಾವೇ ಒಡೆದಾಗ ಮದ್ದು ರಕ್ತಕ್ಕೆ ಸೇರುವ ಅಪಾಯ ಹೆಚ್ಚುತ್ತದೆ. ಸೂಜಿಗಳುಳ್ಳ ಡರ್ಮಾ ರೋಲರನ್ನು ನೆತ್ತಿಯ ಮೇಲೆ ಉರುಳಿಸಿ, ಆ ರಂಧ್ರಗಳು ಮುಚ್ಚುವ ಮೊದಲೇ ಮದ್ದನ್ನು ಸುರಿಯುವುದು ಈಚೆಗೆ ತರುಣರಲ್ಲಿ ಹಬ್ಬಿರುವ ಪದ್ಧತಿ. ಬಿಸಿಲಿಗೆ ಬೆಂದ, ಹುಣ್ಣಾದ, ಸೋರಿಯಾಸಿಸ್‌ನಿಂದ ಬಿರಿದ ನೆತ್ತಿಗೆ ಹಚ್ಚುವುದೂ ಅದೇ ಬಗೆಯ ಅವಿಚಾರ. ಅಮೆರಿಕದಲ್ಲಿ ಅನುಮೋದನೆ ಪಡೆದ ದ್ರಾವಣಗಳು ಶೇಕಡಾ 2 ಮತ್ತು 5ರವು ಮಾತ್ರ; ನಮ್ಮ ದೇಶದ ಔಷಧದಂಗಡಿಗಳಲ್ಲಿ ಶೇಕಡಾ 10ರದೂ, ಟ್ರೆಟಿನೊಯಿನ್‌ನಂಥ ಹೀರುವಿಕೆಯನ್ನು ಹೆಚ್ಚಿಸುವ ಪದಾರ್ಥಗಳನ್ನು ಬೆರೆಸಿದುವೂ ದೊರೆಯುತ್ತವೆ. ವೈದ್ಯರ ನಿರ್ದೇಶವಿಲ್ಲದೆ ಇವುಗಳ ಗೋಜಿಗೆ ಹೋಗಬಾರದೆಂದೇ ನನ್ನ ಬಿನ್ನಹ. ಮಿನಾಕ್ಸಿಡಿಲ್ ಗುಳಿಗೆಯನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕೂದಲಿಗಾಗಿ ಕೊಡುವ ಪದ್ಧತಿಯೂ ಈಗ ಬಳಕೆಗೆ ಬಂದಿದೆ. ಹಾಗೆ ಸೇವಿಸಿದ 1,404 ಜನರನ್ನು ಕುರಿತು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಣ್ಣಿನ ಸುತ್ತಣ ಊತ ಕಂಡುದು ಶೇಕಡಾ 0.3ರಷ್ಟು ಜನರಲ್ಲಿ. ನುಂಗಿದವರಲ್ಲಿಯೇ ಇಷ್ಟು ವಿರಳವಾದರೆ, ಕ್ರಮವರಿತು ಹಚ್ಚಿಕೊಂಡವರಲ್ಲಿ ಇನ್ನೂ ವಿರಳವೆಂದು ಧೈರ್ಯ ತಾಳಬಹುದು.

ಇನ್ನು ದೃಷ್ಟಿಗೇ ಸಂಬಂಧಿಸಿದ ವಿಷಯ. ಮಿನಾಕ್ಸಿಡಿಲ್ ದ್ರಾವಣದ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ದೃಷ್ಟಿ ಮಸುಕಾಗುವುದು ಎಂಬುದೂ ಸೇರಿದೆ. ಅದನ್ನು ಹಚ್ಚುತ್ತಿದ್ದವರಲ್ಲಿ ಸೆಂಟ್ರಲ್ ಸೀರಸ್ ಕೋರಿಯೋರೆಟಿನೋಪತಿ ಎಂಬ ಕಾಯಿಲೆ ಕಂಡುಬಂದ ಬಿಡಿಬಿಡಿ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಹೆಸರು ದೀರ್ಘವಾದರೂ ಸಂಗತಿ ಕಠಿನವಲ್ಲ: ಕಣ್ಣಿನ ಹಿಂಬದಿಯ ಅಕ್ಷಿಪಟಲಕ್ಕೆ ಆಧಾರವಾಗಿ ರಕ್ತನಾಳಗಳಿಂದ ತುಂಬಿದ ಪದರವೊಂದಿದ್ದು, ಅದರಿಂದ ಸೋರಿದ ದ್ರವವು ಅಕ್ಷಿಪಟಲದ ನಡುಭಾಗದ ಕೆಳಗೆ ಸಂಚಯವಾಗಿ ಅದನ್ನು ಗುಳ್ಳೆಯಂತೆ ಮೇಲೆತ್ತುತ್ತದೆ. ಆಗ ನೋಟದ ನಟ್ಟನಡುವೆ ಮಂಕಾದ ಚುಕ್ಕೆಯೊಂದು ನಿಲ್ಲುತ್ತದೆ. ನೇರವಾದ ಗೆರೆಗಳು ಡೊಂಕಾಗಿ ತೋರುತ್ತವೆ. ವಸ್ತುಗಳು ಇದ್ದುದಕ್ಕಿಂತ ಚಿಕ್ಕವಾಗಿಯೂ, ಬಣ್ಣಗಳು ಮಾಸಿದಂತೆಯೂ ಕಾಣುತ್ತವೆ. ನೋವಿಲ್ಲ, ಕೆಂಪಿಲ್ಲ, ಒಂದೇ ಕಣ್ಣಿಗೆ ಬಂದಾಗ ಇನ್ನೊಂದು ಕಣ್ಣು ಆ ಕೊರತೆಯನ್ನು ತುಂಬುವುದರಿಂದ ರೋಗಿಗೆ ತಿಳಿಯುವುದೇ ತಡವಾಗುತ್ತದೆ.

ರಕ್ತನಾಳಗಳನ್ನು ಹಿಗ್ಗಿಸುವ ಮದ್ದೊಂದು ರಕ್ತನಾಳಗಳ ಪದರದ ಸೋರಿಕೆಗೆ ಕಾರಣವಾದೀತೆಂಬುದು ಊಹೆಗೆ ನಿಲುಕುವ ಮಾತೇ. ಆದರೆ ಇಲ್ಲಿ ತರ್ಕವು ಬೇಗನೆ ಮುಗ್ಗರಿಸುವ ಒಂದು ತಿರುವಿದೆ. ಈ ನೇತ್ರರೋಗವು ಅಧಿಕವಾಗಿ ಬರುವುದು ಇಪ್ಪತ್ತರಿಂದ ಐವತ್ತರ ನಡುವಿನ ಪುರುಷರಿಗೆ. ತಲೆಗೆ ಮದ್ದು ಹಚ್ಚುವವರೂ ಬಹುತೇಕ ಅದೇ ವಯಸ್ಸಿನ ಪುರುಷರೇ. ಎರಡೂ ಒಬ್ಬನಲ್ಲಿ ಕೂಡಿಬಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ನಿರ್ಣಯಿಸಲಾಗದು. ಮಿನಾಕ್ಸಿಡಿಲ್ ಈ ರೋಗವನ್ನು ತರುವುದೆಂದು ರುಜುಪಡಿಸುವಷ್ಟು ಬಲ ಬಿಡಿ ವರದಿಗಳಿಗೆ ಇಲ್ಲ. ನಿಸ್ಸಂದೇಹವಾಗಿ ಸಂಬಂಧವುಳ್ಳದ್ದು ಸ್ಟೀರಾಯ್ಡ್: ನುಂಗಿದ್ದಾಗಲಿ, ಚುಚ್ಚಿದ್ದಾಗಲಿ, ಮೂಗಿಗೆ ಸಿಂಪಡಿಸಿದ್ದಾಗಲಿ, ಚರ್ಮಕ್ಕೆ ಹಚ್ಚಿದ್ದಾಗಲಿ, ಯಾವ ರೂಪದಿಂದ ದೇಹವನ್ನು ಹೊಕ್ಕರೂ ಅದು ಈ ಕಾಯಿಲೆಯನ್ನು ಎಬ್ಬಿಸಬಲ್ಲುದು. ಆದುದರಿಂದ ಇಂಥ ಲಕ್ಷಣ ಕಂಡವನು ಮಿನಾಕ್ಸಿಡಿಲ್ಲನ್ನು ನಿಲ್ಲಿಸುವುದು ಸರಿಯೇ, ಆದರೆ ತನ್ನ ಕೂದಲಿನ ಮದ್ದಿನಲ್ಲಿ ಸ್ಟೀರಾಯ್ಡ್ ಬೆರೆತಿದೆಯೋ ಎಂಬುದನ್ನು ಅದಕ್ಕಿಂತ ಮೊದಲು ನೋಡಬೇಕು. ಈ ರೋಗವು ಅನೇಕರಲ್ಲಿ ಮೂರು ನಾಲ್ಕು ತಿಂಗಳುಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆಂಬುದು ಸಮಾಧಾನದ ಸಂಗತಿ. ಮತ್ತೆ ಮತ್ತೆ ಬಂದರೆ ಅಕ್ಷಿಪಟಲಕ್ಕೆ ಕಾಯಂ ಹಾನಿಯಾಗುವುದುಂಟು.

ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆಯಿದೆ. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್‌ಲರ್ ರೂಢಿಗೆ ತಂದ ಚೌಕುಳಿಯ ಹಾಳೆಯನ್ನು, ಓದುವ ಕನ್ನಡಕ ಇದ್ದವರು ಅದನ್ನು ಧರಿಸಿಕೊಂಡು, ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಿಂದ ನಡುವಣ ಚುಕ್ಕೆಯನ್ನೇ ದಿಟ್ಟಿಸಬೇಕು. ಗೆರೆಗಳೆಲ್ಲಿಯಾದರೂ ಬಾಗಿದಂತೆ, ಅಳಿಸಿಹೋದಂತೆ ಕಂಡರೆ ಅಕ್ಷಿಪಟಲದಲ್ಲಿ ದೋಷವಿದೆಯೆಂದು ಅರ್ಥ. ಹಾಳೆ ದೊರೆಯದವರು ಕಿಟಕಿಯ ಸರಳುಗಳನ್ನೋ ಬಚ್ಚಲುಮನೆಯ ಗೋಡೆಯ ಟೈಲ್ಸ್ ಸಂದುಗಳನ್ನೋ ಇದೇ ರೀತಿ ನೋಡಿಕೊಳ್ಳಬಹುದು. ವಾರಕ್ಕೊಮ್ಮೆ, ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು ಮುಖ್ಯ. ಗೆರೆ ಡೊಂಕಾದರೆ ಒಂದೆರಡು ದಿನಗಳಲ್ಲಿಯೇ, ದೃಷ್ಟಿ ಹಠಾತ್ತನೆ ಕುಸಿದರೆ, ಪರದೆ ಇಳಿದಂತಾದರೆ, ಮಿಂಚು ಮಿಂಚಿದಂತಾದರೆ, ಕೆಂಪಾದ ಕಣ್ಣಿನೊಡನೆ ತೀವ್ರ ನೋವಿದ್ದರೆ ಅದೇ ದಿನವೇ, ಅಕ್ಷಿಪಟಲವನ್ನು ಪರೀಕ್ಷಿಸುವ ಅನುಕೂಲವಿರುವ ಆಸ್ಪತ್ರೆಗೆ ಹೋಗತಕ್ಕದ್ದು. ಕನ್ನಡಕದಂಗಡಿಯಲ್ಲಿ ನಂಬರು ನೋಡಿಸಿಕೊಂಡು ಹಿಂದಿರುಗುವುದರಿಂದ ಇಂಥ ರೋಗಗಳು ಪತ್ತೆಯಾಗುವುದಿಲ್ಲ.

ಸ್ಟೀರಾಯ್ಡಿನ ಮಾತು ಬಂದುದರಿಂದ ಅದನ್ನು ಪೂರೈಸಬೇಕು. ಇಂದ್ರಲುಪ್ತಕ್ಕೂ ನೆತ್ತಿಯ ಹೊಟ್ಟು, ಸೋರಿಯಾಸಿಸ್‌ಗಳಿಗೂ ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಮುಂತಾದ ಸ್ಟೀರಾಯ್ಡ್ ಲೋಷನ್ನುಗಳನ್ನು ವೈದ್ಯರು ನಿಯತಕಾಲಕ್ಕೆ ಕೊಡುವುದುಂಟು, ಅದು ಯೋಗ್ಯ ಚಿಕಿತ್ಸೆಯೇ. ಅನರ್ಥ ಸಂಭವಿಸುವುದು ಒಮ್ಮೆ ಬರೆದುಕೊಟ್ಟ ಚೀಟಿಯನ್ನು ವರ್ಷಗಟ್ಟಲೆ ಅಂಗಡಿಗೆ ಒಯ್ದು ಕೊಂಡಾಗ, ಅಥವಾ ಹುಬ್ಬಿನ ಕೂದಲು ಉದುರಿತೆಂದು ಅದನ್ನೇ ಹುಬ್ಬಿಗೂ ರೆಪ್ಪೆಯಂಚಿಗೂ ಸವರತೊಡಗಿದಾಗ. ರೆಪ್ಪೆಯ ಚರ್ಮದ ಮೂಲಕ ಕಣ್ಣಿಗೆ ಇಳಿದ ಸ್ಟೀರಾಯ್ಡ್ ಕಣ್ಣಿನೊಳಗಣ ಒತ್ತಡವನ್ನು ಏರಿಸುತ್ತದೆ. ಸ್ಟೀರಾಯ್ಡ್ ಹನಿಗಳನ್ನು ಕೆಲವು ವಾರ ಹಾಕಿದರೆ ಸುಮಾರು ಮೂರರಲ್ಲೊಬ್ಬರಿಗೆ ಒತ್ತಡ ಅಷ್ಟಿಷ್ಟು ಏರುತ್ತದೆಂದೂ, ನೂರರಲ್ಲಿ ಐವರಷ್ಟು ಜನರಿಗೆ ವಿಪರೀತವಾಗಿ ಏರುತ್ತದೆಂದೂ 1960ರ ದಶಕದಿಂದಲೇ ತಜ್ಞರು ಬಲ್ಲರು. ಹೀಗೆ ಏರಿದ ಒತ್ತಡದಿಂದ ಬರುವ ಗ್ಲಾಕೋಮ ಎಂಬ ವ್ಯಾಧಿಯು ನೋವಿಲ್ಲದೆ ಅಂಚಿನಿಂದ ದೃಷ್ಟಿಯನ್ನು ಕಬಳಿಸುತ್ತ ಬಂದು, ಕಳೆದುಹೋದುದನ್ನು ಮತ್ತೆ ತಂದುಕೊಡುವ ಚಿಕಿತ್ಸೆ ಇಲ್ಲದ ಸ್ಥಿತಿಗೆ ಒಯ್ಯುತ್ತದೆ. ಎಳೆಯ ವಯಸ್ಸಿನಲ್ಲಿಯೇ ಕಣ್ಣಿಗೆ ಪೊರೆ ಬರುವುದೂ ಸ್ಟೀರಾಯ್ಡಿನ ದುರ್ಬಳಕೆಯ ಫಲವೇ. ಈ ಲೇಖನದಲ್ಲಿ ಹೇಳಿದ ಎಲ್ಲ ಅಪಾಯಗಳಲ್ಲಿ ನನ್ನನ್ನು ಅತ್ಯಂತ ಕಾಡುವುದು ಇದು, ಏಕೆಂದರೆ ಇದು ವಿರಳವೂ ಅಲ್ಲ, ಊಹೆಯೂ ಅಲ್ಲ, ಪೂರ್ಣವಾಗಿ ತಪ್ಪಿಸಬಹುದಾದುದು. ಹೆಸರಿಲ್ಲದ, ಒಳಗಿನ ಅಂಶಗಳನ್ನು ಮುದ್ರಿಸದ ಸೀಸೆಯ ಎಣ್ಣೆಯನ್ನು, ಅದು ಗಿಡಮೂಲಿಕೆಯದೆಂದು ಯಾರು ಹೇಳಿದರೂ, ಕೊಳ್ಳದಿರುವುದು ಕ್ಷೇಮ. ಹುಬ್ಬಿನ ಬಳಿ ಸ್ಟೀರಾಯ್ಡನ್ನು ಹಚ್ಚಲೇಬೇಕಾದರೆ ಅದು ವೈದ್ಯರು ಹೇಳಿದ ಸೌಮ್ಯವಾದುದಾಗಿ, ಅವರು ಹೇಳಿದ ದಿನಗಳಿಗೆ ಮಾತ್ರ ಸೀಮಿತವಾಗಿರಬೇಕು, ಮತ್ತು ಕಣ್ಣಿನ ಒತ್ತಡವನ್ನು ಅಳೆಯಿಸಿಕೊಳ್ಳುತ್ತಿರಬೇಕು.

ಕಣ್ಣಿಗೆಂದೇ ಹುಟ್ಟಿ ಕೂದಲಿಗೆ ವಲಸೆ ಬಂದ ಔಷಧಗಳೂ ಇವೆ. ಗ್ಲಾಕೋಮಕ್ಕೆ ಹಾಕುವ ಬೈಮ್ಯಾಟೊಪ್ರೋಸ್ಟ್, ಲ್ಯಾಟನೊಪ್ರೋಸ್ಟ್ ಹನಿಗಳಿಂದ ರೆಪ್ಪೆಗೂದಲು ಉದ್ದವಾಗಿ ದಟ್ಟವಾಗುವುದನ್ನು ಕಂಡು, ಬೈಮ್ಯಾಟೊಪ್ರೋಸ್ಟನ್ನು ವಿರಳವಾದ ರೆಪ್ಪೆಗೂದಲಿನ ಚಿಕಿತ್ಸೆಗೆಂದು 2008ರಲ್ಲಿ ಎಫ್‌ಡಿಎ ಅನುಮೋದಿಸಿತು. ಈಗ ಈ ವರ್ಗದ ಪದಾರ್ಥಗಳು ರೆಪ್ಪೆಗೆ ಹಚ್ಚುವ ಸೀರಮ್‌ಗಳಲ್ಲಿಯೂ, ಕೆಲವೆಡೆ ನೆತ್ತಿಯ ದ್ರಾವಣಗಳಲ್ಲಿಯೂ ಸೇರಿಕೊಳ್ಳುತ್ತಿವೆ. ಇವುಗಳಿಂದ ಕಣ್ಣು ಕೆಂಪಾಗುವುದು, ತುರಿಸುವುದು ಸಾಮಾನ್ಯ. ರೆಪ್ಪೆಯ ಚರ್ಮ ಕಪ್ಪಾಗುವುದು ಮದ್ದು ಬಿಟ್ಟ ಮೇಲೆ ಬಹುಮಟ್ಟಿಗೆ ಮರಳುತ್ತದೆ. ಆದರೆ ಪಾಪೆಯ ಸುತ್ತಣ ಬಣ್ಣದ ವಲಯ ಕಂದಾದರೆ ಅದು ಕಾಯಂ. ದೀರ್ಘಕಾಲ ಬಳಸಿದವರಲ್ಲಿ ಕಣ್ಣಿನ ಸುತ್ತಲಿನ ಕೊಬ್ಬು ಕರಗಿ, ಮೇಲುರೆಪ್ಪೆಯ ಮೇಲೆ ಹಳ್ಳ ಬಿದ್ದು, ಕಣ್ಣು ಗುಳಿಬಿದ್ದಂತೆ ತೋರುವುದೂ ಉಂಟು. ಸೌಂದರ್ಯಕ್ಕೆಂದು ಹಚ್ಚಿದುದು ಮುಖವನ್ನೇ ಬಳಲಿಸಿದಂತೆ ಮಾಡುವ ಈ ಫಲವನ್ನು ಕೊಳ್ಳುವವರಿಗೆ ಮೊದಲೇ ತಿಳಿಸುವವರು ಕಡಿಮೆ. ವೈದ್ಯರು ಸೂಚಿಸಿದ್ದರೆ ರಾತ್ರಿ ಒಮ್ಮೆ, ಮೇಲುರೆಪ್ಪೆಯ ಅಂಚಿಗೆ ಮಾತ್ರ, ಪ್ರತಿ ಕಣ್ಣಿಗೂ ಹೊಸ ಕುಂಚದಿಂದ ಹಚ್ಚಿ, ಮಿಕ್ಕುದನ್ನು ಒತ್ತಿ ತೆಗೆಯಬೇಕು, ಕೆಳರೆಪ್ಪೆಗೆ ಹಚ್ಚಬಾರದು. ಹಿಂದೆ ಕಣ್ಣಿನೊಳಗೆ ಉರಿಯೂತವಾಗಿದ್ದವರು ಇದರಿಂದ ದೂರವಿರುವುದು ಮೇಲು.

ಫಿನಾಸ್ಟರೈಡನ್ನು ಗುಳಿಗೆಯಾಗಿ ನುಂಗುವವರಂತೆ ಈಗ ದ್ರಾವಣವಾಗಿ ಹಚ್ಚುವವರೂ ಇದ್ದಾರೆ. ಅದು ಪುರುಷ ಹಾರ್ಮೋನಿನ ಒಂದು ರೂಪವನ್ನು ತಗ್ಗಿಸುವ ಮದ್ದು. ರೆಪ್ಪೆಯಂಚಿನಲ್ಲಿದ್ದು ಕಣ್ಣೀರು ಬೇಗ ಆವಿಯಾಗದಂತೆ ಎಣ್ಣೆಯನ್ನು ಸ್ರವಿಸುವ ಮೈಬೋಮಿಯನ್ ಗ್ರಂಥಿಗಳು ಆ ಬಗೆಯ ಹಾರ್ಮೋನುಗಳ ಆಶ್ರಯದಲ್ಲಿ ಕೆಲಸ ಮಾಡುವಂಥವು. ಆದುದರಿಂದ ಇದನ್ನು ಬಳಸುತ್ತ ಕಣ್ಣು ಒಣಗಿ, ಮರಳು ಬಿದ್ದಂತೆ ಚುಚ್ಚತೊಡಗಿದರೆ ಮದ್ದಿನ ಪಾತ್ರವನ್ನೂ ಪರಿಶೀಲಿಸುವುದು ನ್ಯಾಯ. ದಿನವಿಡೀ ಕಂಪ್ಯೂಟರ್ ನೋಡುವುದು ಮೊದಲಾದ ಸಾಮಾನ್ಯ ಕಾರಣಗಳನ್ನು ಅದಕ್ಕೂ ಮುಂಚೆ ನೋಡಬೇಕು. ಪೊರೆಯ ಶಸ್ತ್ರಚಿಕಿತ್ಸೆಯ ನಡುವೆ ಪಾಪೆ ಕುಗ್ಗಿ ಅದರ ಸುತ್ತಣ ಪದರ ಸಡಿಲವಾಗಿ ಅಲೆಯಾಡುವ ತೊಡಕೊಂದನ್ನು 2005ರಲ್ಲಿ ತಜ್ಞರು ಟ್ಯಾಮ್ಸುಲೋಸಿನ್ ಎಂಬ ಮೂತ್ರರೋಗದ ಮದ್ದಿನ ಸಂಬಂಧದಲ್ಲಿ ವರ್ಣಿಸಿದರು. ಫಿನಾಸ್ಟರೈಡ್ ಸೇವಿಸುತ್ತಿದ್ದ ಕೆಲವರಲ್ಲಿಯೂ ಅದು ಕಂಡುದಾಗಿ ವರದಿಗಳಿವೆ. ಮೊದಲೇ ತಿಳಿದಿದ್ದರೆ ಶಸ್ತ್ರವೈದ್ಯರು ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳಬಲ್ಲರು.

ಆ ತಿಳಿವಳಿಕೆಯನ್ನು ಕೊಡಬೇಕಾದವರು ರೋಗಿಗಳೇ, ಮತ್ತು ಲೋಪವಾಗುವುದೂ ಇಲ್ಲಿಯೇ. ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದು ನೇತ್ರವೈದ್ಯರು ಕೇಳಿದಾಗ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಗುಳಿಗೆಗಳನ್ನು ಹೇಳುವವರು ತಲೆಗೆ ಹಚ್ಚುವುದನ್ನು ಹೇಳುವುದಿಲ್ಲ. ಹಚ್ಚುವುದು ಔಷಧವೇ ಅಲ್ಲವೆಂದು ಕೆಲವರು ಭಾವಿಸಿದರೆ, ಜೊತೆಯಲ್ಲಿ ಬಂದವರ ಎದುರಿಗೆ ಕೂದಲಿನ ಮಾತನ್ನಾಡಲು ಇನ್ನು ಕೆಲವರು ಸಂಕೋಚಪಡುತ್ತಾರೆ. ಸೀಸೆಯನ್ನೇ ಕೈಚೀಲದಲ್ಲಿ ಒಯ್ಯುವುದು, ಇಲ್ಲವೇ ಅದರ ಮೇಲಿನ ಅಂಶಗಳ ಪಟ್ಟಿಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸುವುದು ಸುಲಭೋಪಾಯ. ಬೈಮ್ಯಾಟೊಪ್ರೋಸ್ಟ್ ಸೀರಮ್ಮನ್ನು ಹಚ್ಚುವವರಂತೂ ಇದನ್ನು ಮರೆಯಕೂಡದು. ಅದು ಕಣ್ಣಿನ ಒತ್ತಡವನ್ನು ಇಳಿಸುವ ಮದ್ದಾದ ಕಾರಣ, ಗ್ಲಾಕೋಮದ ತಪಾಸಣೆಯಲ್ಲಿ ಒತ್ತಡ ಸರಿಯಾಗಿದೆಯೆಂಬ ತಪ್ಪು ಚಿತ್ರವನ್ನು ಕೊಡಬಹುದು. ಗ್ಲಾಕೋಮವುಳ್ಳ ತಂದೆತಾಯಿಗಳ ಮಕ್ಕಳು, ಅಕ್ಷಿಪಟಲದ ರೋಗ ಹಿಂದೆ ಬಂದು ಹೋದವರು, ಒಂದೇ ಕಣ್ಣಿನಲ್ಲಿ ದೃಷ್ಟಿಯಿರುವವರು ಕೂದಲಿನ ಚಿಕಿತ್ಸೆಯನ್ನು ಆರಂಭಿಸುವ ಮೊದಲೇ ಒಮ್ಮೆ ಕಣ್ಣಿನ ಪೂರ್ಣ ಪರೀಕ್ಷೆ ಮಾಡಿಸಿಕೊಂಡಿದ್ದರೆ, ಮುಂದೆ ಏನಾದರೂ ಬದಲಾದಾಗ ಹೋಲಿಸಿ ನೋಡಲು ಆಧಾರವಿರುತ್ತದೆ.

ಮದ್ದನ್ನು ನಿಲ್ಲಿಸಬೇಕಾಗಿ ಬಂದರೆ, ಅದರಿಂದ ಬಂದ ಕೂದಲು ಮೂರು ನಾಲ್ಕು ತಿಂಗಳಲ್ಲಿ ಉದುರಿಹೋಗುವುದೆಂಬುದು ನಿಜ, ಈ ಭಯದಿಂದಲೇ ಅನೇಕರು ಕಣ್ಣಿನ ಲಕ್ಷಣಗಳನ್ನು ಸಹಿಸಿಕೊಂಡು ಮುಂದುವರಿಸುತ್ತಾರೆ. ವೈದ್ಯರೊಡನೆ ಸಮಾಲೋಚಿಸಿ ಹದಿನೈದು ದಿನ ಬಿಟ್ಟುನೋಡುವುದರಿಂದ ತಲೆಗೂದಲೇನೂ ಬರಿದಾಗದು. ಆ ಅವಧಿಯಲ್ಲಿ ಊತವಾಗಲಿ ತುರಿಕೆಯಾಗಲಿ ಇಳಿದು, ಮತ್ತೆ ಹಚ್ಚಿದಾಗ ಮರುಕಳಿಸಿತೆಂದರೆ ಕಾರಣ ನಿಶ್ಚಿತವಾದಂತೆ. ದೃಷ್ಟಿಯೇ ಮಸುಕಾಗಿದ್ದ ಪಕ್ಷದಲ್ಲಿ ಮಾತ್ರ ಮತ್ತೆ ಹಚ್ಚಿನೋಡುವ ಪ್ರಯೋಗಕ್ಕೆ ಸ್ವತಃ ಕೈಹಾಕಬಾರದು. ಹೀಗೆ ಕಂಡುಬಂದ ಅಡ್ಡಪರಿಣಾಮವನ್ನು ವರದಿಮಾಡುವ ಅವಕಾಶ ರೋಗಿಗೂ ಉಂಟೆಂಬುದು ಬಹಳ ಜನಕ್ಕೆ ತಿಳಿಯದು. ಗಾಜಿಯಾಬಾದಿನಲ್ಲಿರುವ ಭಾರತೀಯ ಔಷಧಕೋಶ ಆಯೋಗವು ನಡೆಸುವ ಔಷಧ ಸುರಕ್ಷತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ಕರೆಮಾಡಿ, ಇಲ್ಲವೇ ಸಮೀಪದ ವೈದ್ಯಕೀಯ ಕಾಲೇಜಿನಲ್ಲಿರುವ ಅದರ ಕೇಂದ್ರಕ್ಕೆ ಹೋಗಿ, ಮದ್ದಿನ ಹೆಸರು, ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆ, ಹಚ್ಚತೊಡಗಿದ ದಿನ, ತೊಂದರೆ ತೋರಿದ ದಿನ, ನಿಲ್ಲಿಸಿದ ಮೇಲೆ ಏನಾಯಿತೆಂಬುದು ಇಷ್ಟನ್ನು ತಿಳಿಸಿದರೆ ಸಾಕು; ಬಳಕೆದಾರರಿಗೆಂದೇ ಇರುವ ಅದರ ನಮೂನೆಯು ಕನ್ನಡದಲ್ಲಿಯೂ ದೊರೆಯುತ್ತದೆ.